ಒತ್ತಕ್ಷರವಿಲ್ಲದ ಮೂರು ಪದ

ಸುಂಟಿಕೊಪ್ಪದ ಆಲಿಕುಟ್ಟಿ ಕಾಕನ ಮೆಣಸಿನ ಮಂಡಿಯಲ್ಲಿ
ಒಂದೇ ಕಂಪ್ಯೂಟರಿನೊಳಗೆ ಎರಡು ಸಂಸಾರ.
ಬೆಳಗ್ಗೆ ಹಳೆಯ ವಿಂಡೋಸ್: ತೂಕ, ತೇವಾಂಶ, ಬಾಕಿ.
ಸಂಜೆ ಲಿನಕ್ಸ್: ಮೊಮ್ಮಗಳು ನಸೀಬಾ
ಊರವರ ಅರ್ಜಿ ಟೈಪು ಮಾಡಿಕೊಡುತ್ತಾಳೆ,
ಹಾಳೆಗೆ ಹದಿನೈದು ರೂಪಾಯಿ.

ನಡುವೆ ಒಂದು ಕಪ್ಪು ಪರದೆ, ಹತ್ತು ಸೆಕೆಂಡು,
ಇಂಗ್ಲಿಷಿನ ಐದು ಸಾಲು.
ಚೀಟಿ ಬರೆಯುವ ದಮಯಂತಿಯಕ್ಕ
ಕನ್ನಡಕ ಹುಡುಕುವಷ್ಟರಲ್ಲಿ
ಎಣಿಕೆ ಮುಗಿದು, ಬೇಡದ ಬಾಗಿಲು ತೆರೆದು,
ಹೊರಗೆ ಜೀಪಿನ ತುಂಬ ಮೂಟೆ ಕಾಯುತ್ತಿರುತ್ತವೆ.
"ಕುಟ್ಟಯ್ಯಾ, ಇದಕ್ಕೆ ಸ್ವಲ್ಪ ಕನ್ನಡ ಕಲಿಸು" ಎಂದರು.
"ಚಿತ್ರವೂ ಇರಲಿ" ಎಂದಳು ನಸೀಬಾ.

ಶುಕ್ರವಾರ ಮಧ್ಯಾಹ್ನ ಕಲಿಸಲು ಕುಳಿತೆ.
ಅಕ್ಷರದ ಕಡತವನ್ನು ಗ್ರಬ್‌ಗೆ ಅರಗುವ ರೂಪಕ್ಕೆ ತಿರುಗಿಸಿ,
ಪರದೆಯ ಅಗಲ ಎತ್ತರ ಬರೆದು,
"ಮೆಣಸಿನ ಲೆಕ್ಕ" ಎಂದು ಒಂದು ಸಾಲು ಕೊಟ್ಟು
ಆರಿಸಿ ಹೊತ್ತಿಸಿದೆ.

ಅಚ್ಚುಮೊಳೆಯ ಪೆಟ್ಟಿಗೆ ಕೈಜಾರಿ ಬಿದ್ದ ಹಾಗಿತ್ತು.
ಲ ಒಂದು ಕಡೆ, ಅದರ ಎತ್ವ ಇನ್ನೊಂದು ಕಡೆ,
ಕೆಳಗಿಳಿದು ಒತ್ತಾಗಬೇಕಿದ್ದ ಕ
ಇಳಿಯಲೊಪ್ಪದೆ ಪಕ್ಕದಲ್ಲೇ
ಕುರ್ಚಿ ಹಾಕಿ ಕೂತಿದೆ.

ಯಂತ್ರವಿನ್ನೂ ಪೂರ್ತಿ ಎದ್ದಿಲ್ಲ, ಅಷ್ಟೇ.
ನಿದ್ದೆಗಣ್ಣಿನ ಮಗುವನ್ನು ಹಾಸಿಗೆಯಲ್ಲೇ ಕೂರಿಸಿ
ಕಾಗುಣಿತ ಕೇಳಿದರೆ ಏನಾದೀತು?

ನನ್ನ ಹೆಸರು ಕೊಟ್ಟು ನೋಡಿದೆ: ಕ ಟ ಟ ಯ ಯ,
ಒಂದನೇ ಕ್ಲಾಸಿನ ತೊದಲು.
ಸುಂಟಿಕೊಪ್ಪ, ಅಮ್ಮತ್ತಿ, ಪೊನ್ನಂಪೇಟೆ,
ಯಾವ ಊರೂ ಒತ್ತಿಲ್ಲದೆ ನಿಲ್ಲುವುದಿಲ್ಲ.
ಮಡಿಕೇರಿ ವಾಸಿ ಎಂದರೆ ಅದಕ್ಕೆ ಎರಡು ಗುಡಿಸು.
ಕೊಡಗು ಎಂದು ಬರೆದು ಕೊಂಬು, ಒತ್ವ ಕಳಚಿದೆ,
ಉಳಿಯಿತು: ಕಡಗ.
ಕೆಟ್ಟದ್ದೇನಲ್ಲ.
ಒಂದು ಚಹಾ ಮುಗಿಯುವ ತನಕ ಹಾಗೇ ಬಿಟ್ಟಿದ್ದೆ.

ಆಮೇಲೆ ಹಠ ಬಿಟ್ಟು ಪದ ಹೆಕ್ಕಲು ಹೊರಟೆವು,
ಬರೀ ತಲಕಟ್ಟಿನವು,
ಕಲ್ಲು ಬೇರೆ ಕಾಳು ಬೇರೆ ಮಾಡಿದಂತೆ.
ದಮಯಂತಿಯಕ್ಕ ಮೊರ ಕೇರುತ್ತಲೇ ಒಂದೊಂದು ಎಸೆದರು.
ಹಣ? ಕಾಕ ಬೇಡವೆಂದರು, ಕಳ್ಳನೂ ಓದುತ್ತಾನಂತೆ.
ಕಡತ? ಅದಕ್ಕೆ ತಾಲ್ಲೂಕು ಕಚೇರಿಯ ವಾಸನೆ.
ಕಣಜ.
ಮೊರ ನಿಂತಿತು.
ತವರಿನ ಭತ್ತದ ಕಣಜಕ್ಕೆ ಬೆನ್ನು ಕೊಟ್ಟು
ಹದಿಮೂರರ ಮಗ್ಗಿ ಕಲಿತವರು ಅವರು.
ಹದಿನಾಲ್ಕರದು ಕಲಿಯುವ ಮೊದಲೇ ಶಾಲೆ ಬಿಡಿಸಿದರು, ಅದು ಬೇರೆ ಮಾತು.

ನಸೀಬಾಳ ಬಾಗಿಲಿಗೆ ಬರಹ.
ಆರಿಸುವ ಸಾಲಿಗೆ ಏನೂ ಹೊಳೆಯದೆ
ಶಯನ ಎಂದಿಟ್ಟೆ.
ಮೂಟೆ ಹೊರುವವರು ವಾರವಿಡೀ ಅದನ್ನೇ ಹೇಳಿ ನಕ್ಕರು:
"ಕಾಕಾ, ನಾವಿನ್ನು ಶಯನಕ್ಕೆ ಹೊರಟೆವು."

ಚಿತ್ರ ಬಂತು. ಮರಕ್ಕೆ ಹಬ್ಬಿದ ಬಳ್ಳಿ,
ಎಳೆ ಮೆಣಸಿನ ಗೊಂಚಲು, ಎಲ್ಲವೂ ಹಸಿರು.
ಆಯ್ಕೆಯ ಪಟ್ಟಿಯೂ ಹಸಿರೇ ಆಗಿ
ಕಣಜ ಎಲೆಯ ಮರೆಗೆ ಹೋಯಿತು.
"ಒಣಗಿಸು" ಎಂದೆ.
ಮೌಸು ಹಿಡಿದು ಕಾಳು ಕಾಳಿಗೂ ಬಿಸಿಲು ತೋರಿಸಿ
ಕಪ್ಪು ಮಾಡಿಕೊಟ್ಟಳು, ಒಂದನ್ನು ಬಿಟ್ಟು.
ಮರೆತದ್ದೋ, ಬೇಕೆಂದೋ, ಕೇಳಲಿಲ್ಲ.

ಉಳಿದದ್ದು ಆ ಹತ್ತು ಸೆಕೆಂಡು.
ಇಪ್ಪತ್ತು ಮಾಡಲೇ, ಮೂವತ್ತೇ?
ಮೈನಸ್ ಒಂದು ಎಂದು ಬರೆದರೆ
ಅದು ಎಣಿಸುವುದೇ ಇಲ್ಲ, ಸುಮ್ಮನೆ ಕಾಯುತ್ತದೆ.
ಸೊನ್ನೆಗಿಂತ ಕಡಿಮೆ ಕೊಟ್ಟರೆ ಬೇಕಾದಷ್ಟು ಸಿಗುವ ವ್ಯಾಪಾರ
ಕಾಕನಿಗೆ ತಲೆಗೆ ಹೋಗಲಿಲ್ಲ.
ಎರಡು ಸಲ ಕೇಳಿ, ನನ್ನ ಕೂಲಿಯನ್ನೂ ಹಾಗೇ ಬರೆಯಲೇ ಎಂದರು.

ನಿನ್ನೆ ಆ ದಾರಿಯಲ್ಲಿ ಹೋದಾಗ ಇಣುಕಿದೆ.
ಪರದೆಯ ಮೇಲೆ ಕಣಜ, ಬರಹ, ಶಯನ,
ಒಂದು ಹಸಿರು ಕಾಳು.
ದಮಯಂತಿಯಕ್ಕ ಸೆರಗಿನ ತುದಿಯಿಂದ
ಕನ್ನಡಕದ ಒಂದು ಗಾಜು ಒರೆಸಿ
ಇನ್ನೊಂದಕ್ಕೆ ಉಸಿರು ಊದುತ್ತಿದ್ದರು.
ಜೀಪಿನವನು ಹಾರನ್ ಹೊಡೆದ.